ಬತ್ತಿಸಿದ ಹಸುವಿಗೆ ಕ್ಯಾಲ್ಸಿಯಂ ಸುರಿದರೂ ಹಾಲುಜ್ವರ ಏಕೆ? ಮೇವಿನ ಪೊಟ್ಯಾಸಿಯಂ ಲೆಕ್ಕದ ಚರ್ಚೆ

ಮೇವುಬುಟ್ಟಿ:
ಎಲ್ಲರಿಗೂ ನಮಸ್ಕಾರ. ಹಾಲು ಬತ್ತಿಸಿದ ಮೇಲೆ, ಗಬ್ಬದ ಕೊನೆಯ ಎರಡು ತಿಂಗಳು ಕ್ಯಾಲ್ಸಿಯಂ ಟಾನಿಕ್, ಖನಿಜ ಮಿಶ್ರಣ, ಕುದುರೆ ಮೆಂತೆ ಎಲ್ಲವನ್ನೂ ಧಾರಾಳವಾಗಿ ತಿಂದ ಹಸುವೇ ಕರು ಹಾಕಿದ ಮರುದಿನ ಹಾಲುಜ್ವರ ಬಂದು ಕುಸಿದು ಕೂರುತ್ತದೆ. ಬರೀ ಒಣಹುಲ್ಲಿನ ಮೇಲಿದ್ದ ಹಸು ಆರಾಮಾಗಿ ನಿಂತಿರುತ್ತದೆ. ಕ್ಯಾಲ್ಸಿಯಂ ಕೊರತೆಯ ರೋಗ ಕ್ಯಾಲ್ಸಿಯಂ ಹೆಚ್ಚು ತಿಂದವಕ್ಕೇ ಬರುವುದು ಹೇಗೆ? ಋಣ ಲವಣ, ಡಿಸಿಎಡಿ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ, ಲೆಕ್ಕ ಮಾಡಿ ತೋರಿಸುವವರು ಕಡಿಮೆ. ಗ್ರಾಂ ಲೆಕ್ಕದಲ್ಲೇ ಯಾರಾದರೂ ಬಿಡಿಸಿ ಹೇಳುತ್ತೀರಾ?

ಗೋದಲಿ:
ಒಳ್ಳೆಯ ಪ್ರಶ್ನೆ. ಮೊದಲು ಹಸುವಿನ ಒಳಗಿನ ಲೆಕ್ಕ ನೋಡೋಣ.

600 ಕೆ.ಜಿ. ತೂಕದ ಹಸುವಿನ ರಕ್ತದ ಪ್ಲಾಸ್ಮಾದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಒಂದು ಲೀಟರ್ ಗಿಣ್ಣದ ಹಾಲಿನಲ್ಲಿ 2 ಗ್ರಾಂಗಿಂತ ಹೆಚ್ಚೇ ಇರುತ್ತದೆ. ಅಂದರೆ 10 ಲೀಟರ್ ಗಿಣ್ಣು ಕರೆದರೆ 20 ಗ್ರಾಂಗೂ ಮೀರಿ ಕ್ಯಾಲ್ಸಿಯಂ ಹೊರಗೆ ಹೋಯಿತು, ರಕ್ತದಲ್ಲಿದ್ದದ್ದರ ಏಳೆಂಟು ಪಟ್ಟು. ಅಷ್ಟನ್ನೂ ಹಸು ಕೆಲವೇ ಗಂಟೆಗಳಲ್ಲಿ ಮೂಳೆಯಿಂದ ಕರಗಿಸಿ, ಕರುಳಿನಿಂದ ಹೀರಿ ತುಂಬಿಕೊಳ್ಳಬೇಕು. ಮೂಳೆಯಲ್ಲಿ ಕಿಲೋಗಟ್ಟಲೆ ದಾಸ್ತಾನಿದೆ. ದಾಸ್ತಾನು ಹೊರಗೆ ತೆಗೆಯುವ ವೇಗ ಸಾಲದೆ ಹಸು ಬೀಳುತ್ತದೆ.

ಆ ಕೆಲಸ ಮಾಡಿಸುವುದು ಪ್ಯಾರಾಥೈರಾಯ್ಡ್ ಹಾರ್ಮೋನು. ರಕ್ತದ ಕ್ಯಾಲ್ಸಿಯಂ ಇಳಿದ ಕೂಡಲೇ ಅದು ಮೂಳೆಗೂ ಮೂತ್ರಪಿಂಡಕ್ಕೂ ಸುದ್ದಿ ಮುಟ್ಟಿಸುತ್ತದೆ. ಮೂತ್ರಪಿಂಡ ವಿಟಮಿನ್ ಡಿಯನ್ನು ಕೆಲಸ ಮಾಡುವ ರೂಪಕ್ಕೆ ತಿರುಗಿಸುತ್ತದೆ, ಆಮೇಲೆ ಕರುಳು ಕ್ಯಾಲ್ಸಿಯಂ ಹೀರುವ ಪ್ರಮಾಣ ಹೆಚ್ಚುತ್ತದೆ. ಈ ಸರಪಳಿ ಪೂರ್ತಿ ಚುರುಕಾಗಲು ಒಂದೆರಡು ದಿನ ಬೇಕು.

ಕುದುರೆ ಮೆಂತೆಯಂಥ ಮೇವು ಇಲ್ಲಿ ಎರಡು ಕಡೆ ಅಡ್ಡ ಬರುತ್ತದೆ. ಒಂದು, ಕ್ಯಾಲ್ಸಿಯಂ ಬೇಕಾದಷ್ಟು ಬರುತ್ತಿದ್ದರೆ ಹಾರ್ಮೋನಿಗೆ ಕೆಲಸವೇ ಇರುವುದಿಲ್ಲ, ವ್ಯವಸ್ಥೆ ಮಂಕಾಗುತ್ತದೆ. ಎರಡನೆಯದೇ ದೊಡ್ಡದು: ಆ ಮೇವಿನಲ್ಲಿ ಪೊಟ್ಯಾಸಿಯಂ ಬಹಳ. ಪೊಟ್ಯಾಸಿಯಂ ಜಾಸ್ತಿಯಾದರೆ ರಕ್ತ ಸ್ವಲ್ಪ ಕ್ಷಾರದ ಕಡೆಗೆ ವಾಲುತ್ತದೆ. ಆಗ ಜೀವಕೋಶಗಳ ಮೇಲಿನ ಗ್ರಾಹಕಗಳು ಹಾರ್ಮೋನನ್ನು ಸರಿಯಾಗಿ ಹಿಡಿಯುವುದಿಲ್ಲ. ಹಾರ್ಮೋನು ರಕ್ತದಲ್ಲಿ ಬೇಕಾದಷ್ಟಿರುತ್ತದೆ, ಅದರ ಕೂಗಿಗೆ ಓಗೊಡುವವರಿರುವುದಿಲ್ಲ. ನಿಮ್ಮ ಒಣಹುಲ್ಲಿನ ಹಸು ನಿಂತಿದ್ದರ ಗುಟ್ಟು ಇಷ್ಟೇ, ಅದರ ಮೇವಿನಲ್ಲಿ ಪೊಟ್ಯಾಸಿಯಂ ಕಡಿಮೆ ಇತ್ತು.

ಕೆಚ್ಚಲುಕಾವಲು:
ಗೋದಲಿ ಸರ್ ಹೇಳಿದ್ದಕ್ಕೆ ಚಿಕಿತ್ಸೆಯ ಕಡೆಯಿಂದ ಒಂದು ಮಾತು. ಹೆಸರಿನಲ್ಲಿ ಜ್ವರ ಇದ್ದರೂ ಮೈ ಬಿಸಿ ಏರುವುದಿಲ್ಲ, ಇಳಿಯುತ್ತದೆ. ಕಿವಿ ತಣ್ಣಗೆ, ಮೂತಿ ಒಣ, ಸೆಗಣಿ ನಿಂತಿರುತ್ತದೆ, ಕತ್ತು ಎಸ್ ಅಕ್ಷರದ ಹಾಗೆ ಸೊಟ್ಟಗೆ ಪಕ್ಕೆಯ ಕಡೆ ತಿರುಗಿರುತ್ತದೆ. ಇದು ಎರಡನೇ ಹಂತ. ಇದಕ್ಕೂ ಮುಂಚೆ ಹಸು ನಿಂತೇ ಇರುವ ಮೊದಲ ಹಂತವಿದೆ: ಮಾಂಸಖಂಡ ಅದುರುತ್ತದೆ, ಹಿಂಗಾಲು ಬದಲಿಸುತ್ತ ತೂಗಾಡುತ್ತದೆ, ಮೇವಿಗೆ ಬಾಯಿ ಹಾಕುವುದಿಲ್ಲ. ಒಂದು ಗಂಟೆಯೊಳಗೇ ಮುಗಿದುಹೋಗಬಹುದಾದ ಹಂತ, ಹಾಗಾಗಿ ಬಹಳ ಸಲ ಕಣ್ಣಿಗೇ ಬೀಳುವುದಿಲ್ಲ. ಮೂರನೇ ಹಂತದಲ್ಲಿ ಹಸು ಮಗ್ಗುಲಾಗಿ ಚಾಚಿಕೊಳ್ಳುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಆಗ ಉಳಿದಿರುವ ಸಮಯ ಬಹಳ ಕಡಿಮೆ.

ಬಿದ್ದ ಹಸುವಿಗಿಂತ ನಿಂತ ಹಸುವಿನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ 8.5ರಿಂದ 10 ಮಿಲಿಗ್ರಾಂ ಇರಬೇಕು. 8ಕ್ಕಿಂತ ಕೆಳಗಿಳಿದೂ ಹಸು ನಿಂತಿದ್ದರೆ ಅದು ಒಳಕೊರತೆ. ಅಮೆರಿಕದ ಹಿಂಡುಗಳ ರಕ್ತದ ಮಾದರಿಗಳನ್ನು ನೋಡಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚೊಚ್ಚಲು ಹಸುಗಳಲ್ಲೇ ಶೇ. 25ಕ್ಕೆ, ಎರಡನೇ ಕರುವಿನವುಗಳಲ್ಲಿ ಶೇ. 41ಕ್ಕೆ, ಮೂರನೆಯದರಲ್ಲಿ ಶೇ. 49ಕ್ಕೆ ಈ ಒಳಕೊರತೆ ಇತ್ತು. ಕ್ಯಾಲ್ಸಿಯಂ ಇಲ್ಲದಿದ್ದರೆ ನುಣುಪು ಸ್ನಾಯು ಸೋಲುತ್ತದೆ. ಗರ್ಭಕೋಶ ಸೋತರೆ ಕಸ (ಮಾಸು) ಬೀಳುವುದಿಲ್ಲ, ಮೊಲೆತೊಟ್ಟಿನ ತುದಿಯ ಬಿಗಿ ಸೋತರೆ ಕೆಚ್ಚಲು ಬಾವು, ಹೊಟ್ಟೆಯ ಚಲನೆ ಸೋತರೆ ನಾಲ್ಕನೇ ಹೊಟ್ಟೆ ಎಡಕ್ಕೆ ಸರಿಯುವುದು. ಇವು ಬೇರೆ ಬೇರೆ ರೋಗಗಳಾಗಿ ದಾಖಲಾಗುತ್ತವೆ, ಬೇರು ಮಾತ್ರ ಅನೇಕ ಸಲ ಒಂದೇ.

ಮೇವುಬುಟ್ಟಿ:
ಧನ್ಯವಾದ ಸರ್, ಈಗ ಅರ್ಥವಾಯಿತು. ಹಾಗಾದರೆ ಡಿಸಿಎಡಿ ಲೆಕ್ಕ?

ಗೋದಲಿ:
ಡಿಸಿಎಡಿ ಎಂದರೆ ಮೇವಿನಲ್ಲಿರುವ ಧನ ಅಯಾನುಗಳು ಮತ್ತು ಋಣ ಅಯಾನುಗಳ ಅಂತರ. ಸೋಡಿಯಂ, ಪೊಟ್ಯಾಸಿಯಂ ಒಂದು ಕಡೆ. ಕ್ಲೋರೈಡ್, ಗಂಧಕ ಇನ್ನೊಂದು ಕಡೆ. ಒಣಾಂಶದಲ್ಲಿ, ಅಂದರೆ ನೀರು ಕಳೆದು ಉಳಿಯುವ ಮೇವಿನಲ್ಲಿ, ಶೇಕಡಾ ಎಷ್ಟಿದೆ ಎಂಬ ಸಂಖ್ಯೆ ಹಿಡಿದು ಹೀಗೆ ಗುಣಿಸಿ:

ಸೋಡಿಯಂ × 435
ಪೊಟ್ಯಾಸಿಯಂ × 256
ಕ್ಲೋರೈಡ್ × 282
ಗಂಧಕ × 624

ಮೊದಲೆರಡನ್ನು ಕೂಡಿ, ಕೊನೆಯೆರಡರ ಮೊತ್ತ ಕಳೆದರೆ ಕಿಲೋ ಒಣಾಂಶಕ್ಕೆ ಎಷ್ಟು ಮಿಲಿ ಈಕ್ವಿವಲೆಂಟ್ (ಅಯಾನುಗಳ ವಿದ್ಯುದಂಶ ಅಳೆಯುವ ಮಾನ) ಎಂದು ಸಿಗುತ್ತದೆ. ಸಂಖ್ಯೆ ಸೊನ್ನೆಗಿಂತ ಕೆಳಗಿಳಿದರೆ ರಕ್ತ ಆಮ್ಲದ ಕಡೆ ವಾಲುತ್ತದೆ, ಗ್ರಾಹಕಗಳು ಹಾರ್ಮೋನಿಗೆ ಓಗೊಡುತ್ತವೆ. ಕರು ಹಾಕುವ ಮುಂಚಿನ 21 ದಿನ ಇದು −50ರಿಂದ −150ರ ನಡುವೆ ಇರಬೇಕು.

ಒಂದು ಉದಾಹರಣೆ. ಪೊಟ್ಯಾಸಿಯಂ 1.5, ಸೋಡಿಯಂ 0.10, ಕ್ಲೋರೈಡ್ 0.40, ಗಂಧಕ 0.20. ಧನದ ಕಡೆ 384 + 43.5 = 427.5. ಋಣದ ಕಡೆ 112.8 + 124.8 = 237.6. ಅಂತರ ಸುಮಾರು +190. ಇದನ್ನು −100ಕ್ಕೆ ತರಲು ಕಿಲೋಗೆ 290 ಬೇಕು. ಹಸು ದಿನಕ್ಕೆ 12 ಕೆ.ಜಿ. ಒಣಾಂಶ ತಿಂದರೆ 3,480 ಮಿಲಿ ಈಕ್ವಿವಲೆಂಟ್.

ಅಂತರವನ್ನು ಹೀಗೆ ಕೆಳಗೆಳೆಯುವ ಕ್ಲೋರೈಡ್, ಸಲ್ಫೇಟ್ ಲವಣಗಳೇ ಋಣ ಲವಣ. ಅವುಗಳ ಬಲ 100 ಗ್ರಾಂಗೆ ಹೀಗಿದೆ: ಅಮೋನಿಯಂ ಕ್ಲೋರೈಡ್ 1,870, ನೀರಿನಂಶ ಸೇರಿದ ಕ್ಯಾಲ್ಸಿಯಂ ಕ್ಲೋರೈಡ್ 1,360, ಜಿಪ್ಸಂ 1,160, ಎಪ್ಸಮ್ ಉಪ್ಪು ಎಂದು ಕರೆಯುವ ಮೆಗ್ನೀಸಿಯಂ ಸಲ್ಫೇಟ್ 811. ಎಪ್ಸಮ್ 150 ಗ್ರಾಂ ಹಾಕಿದರೆ 1,217, ಅಮೋನಿಯಂ ಕ್ಲೋರೈಡ್ 120 ಗ್ರಾಂ ಹಾಕಿದರೆ 2,243. ಒಟ್ಟು 3,460, ಗುರಿಗೆ ಸಾಕಷ್ಟು ಹತ್ತಿರ. ಎಪ್ಸಮ್‌ನಿಂದ ಗಂಧಕ ಸುಮಾರು 0.16 ಏರಿ 0.36 ಆಗುತ್ತದೆ. 0.4 ದಾಟಿಸಬಾರದು, ಆದ್ದರಿಂದ ಎಪ್ಸಮ್ ಇನ್ನೂ ಹೆಚ್ಚಿಸುವ ಹಾಗಿಲ್ಲ. ರಕ್ತವನ್ನು ಆಮ್ಲದ ಕಡೆ ಎಳೆಯುವುದರಲ್ಲಿ ಸಲ್ಫೇಟಿನ ಶಕ್ತಿ ಕ್ಲೋರೈಡಿನ ಶೇ. 60ರಷ್ಟು ಮಾತ್ರ ಎಂಬುದೂ ನೆನಪಿರಲಿ. ಕಾಗದದ ಲೆಕ್ಕ ಸರಿ ಬಂದರೂ ಹಸುವಿನಲ್ಲಿ ಪರಿಣಾಮ ಕಡಿಮೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

120 ಗ್ರಾಂ ಅಮೋನಿಯಂ ಕ್ಲೋರೈಡ್ ರುಚಿಗೆ ಕಷ್ಟ. ಹಾಗಾಗಿ ಲವಣ ತೂಗುವ ಮೊದಲು ಪೊಟ್ಯಾಸಿಯಂ ಇಳಿಸಿ. 1.5ರಿಂದ 1.1ಕ್ಕೆ ತಂದರೆ ಕಿಲೋಗೆ 102, ದಿನಕ್ಕೆ 1,229 ಉಳಿಯಿತು. ಆಗ ಅದೇ ಗುರಿಗೆ ಅಮೋನಿಯಂ ಕ್ಲೋರೈಡ್ 55 ಗ್ರಾಂ ಸಾಕು, ಅರ್ಧಕ್ಕೂ ಕಡಿಮೆ!

ರಸಮೇವು:
ಪೊಟ್ಯಾಸಿಯಂ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಾನು ಸೇರಿಸುತ್ತೇನೆ. ಗೋಧಿ ಹುಲ್ಲು, ಮುಸುಕಿನ ಜೋಳದ ರಸಮೇವು (ಸೈಲೇಜ್) ಸಾಮಾನ್ಯವಾಗಿ ಶೇ. 1ರಿಂದ 1.5ರ ಒಳಗೆ. ಕುದುರೆ ಮೆಂತೆ 2.5 ಅಥವಾ ಅದಕ್ಕೂ ಮೇಲೆ. ಚೆನ್ನಾಗಿ ಗೊಬ್ಬರ ತಿಂದ ಎಳೆ ಹುಲ್ಲು 3 ದಾಟುತ್ತದೆ. ಹಸು ತಿಂದ ಪೊಟ್ಯಾಸಿಯಂನ ಬಹುಪಾಲು ಗಂಜಲದಲ್ಲೇ ಹೊರಬರುತ್ತದೆ. ಕೊಟ್ಟಿಗೆ ತೊಳೆದ ನೀರು ಹರಿಯುವ ತಾಕಿನ ಹುಲ್ಲು ಅದನ್ನೆಲ್ಲ ಹೀರಿ, ತನಗೆ ಬೇಕಾದ್ದಕ್ಕಿಂತ ಹೆಚ್ಚೇ ತುಂಬಿಕೊಂಡಿರುತ್ತದೆ. ನೋಡಲು ಕಡುಹಸಿರು, ಸೊಂಪು. ಗಬ್ಬದ ಹಸುವಿಗೆ ಪ್ರೀತಿಯಿಂದ ಹಾಕುವುದೂ ಅದನ್ನೇ, ಕೊಟ್ಟಿಗೆಗೆ ಹತ್ತಿರ ಇರುವುದೂ ಅದೇ. ದಯವಿಟ್ಟು ಆ ತಾಕಿನ ಮೇವನ್ನು ಹಾಲು ಕೊಡುವ ಹಸುಗಳಿಗೆ ಮೀಸಲಿಡಿ. ಬತ್ತಿಸಿದವಕ್ಕೆ ಬಲಿತ ಹುಲ್ಲು, ದೂರದ ತಾಕಿನದ್ದು.

ಇನ್ನೆರಡು ಕಡೆ ಲೆಕ್ಕ ಸೋರುತ್ತದೆ. ಲವಣದ ಕಹಿ ಮರೆಸಲು ಕಾಕಂಬಿ ಬೆರೆಸುತ್ತಾರೆ. ಕಬ್ಬಿನ ಕಾಕಂಬಿಯಲ್ಲಿ ಪೊಟ್ಯಾಸಿಯಂ ಸುಮಾರು ಶೇ. 4, ಹಾಕಿದ ಲವಣದ ಒಂದು ಪಾಲನ್ನು ಅದೇ ನುಂಗುತ್ತದೆ. ಎರಡನೆಯದು ಅಡುಗೆ ಸೋಡ. ಹಾಲಿನ ಹಸುವಿಗೆಂದು ತಂದ ಹಿಂಡಿ ಮಿಶ್ರಣದಲ್ಲಿ ಸೋಡ ಬೆರೆತಿದ್ದು, ಅದನ್ನೇ ಬತ್ತಿಸಿದ ಹಸುವಿಗೂ ಹಾಕಿದರೆ ಸೋಡಿಯಂ ಏರಿ ಎಲ್ಲ ಲೆಕ್ಕವೂ ತಿರುವುಮುರುವು.

ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ಒಂದೆರಡು ಹಸು ಕಟ್ಟುವವರಿಗೆ ಋಣ ಲವಣ ಹೇಳಿಕೊಡುವುದು ಅಪಾಯ. ಮೇವಿನ ಪರೀಕ್ಷೆ ಇಲ್ಲದೆ ಕಣ್ಣಂದಾಜಿನಲ್ಲಿ ಹಾಕಿದರೆ ಹಸು ಮೇವೇ ಬಿಡುತ್ತದೆ. ಕರು ಹಾಕುವ ಹೊತ್ತಿಗೆ ಹಸಿದ ಹಸುವಿಗೆ ಕೀಟೋಸಿಸ್ (ಮೈಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಏರುವ ರೋಗ) ಕಟ್ಟಿಟ್ಟ ಬುತ್ತಿ. ಅಂಥವರಿಗೆ ಕರು ಹಾಕುವ ಮುಂಚೆ ಮೇವಿನ ಕ್ಯಾಲ್ಸಿಯಂ ಇಳಿಸಿ ಹಾರ್ಮೋನನ್ನು ಎಚ್ಚರಿಸುವ ಹಳೆಯ ದಾರಿಯೇ ಸಾಲದೇ? ಬೋಡಾ ಮತ್ತು ಕೋಲ್ ಎಂಬ ಸಂಶೋಧಕರು 1954ರಲ್ಲೇ ಅದನ್ನು ತೋರಿಸಿದ್ದಾರೆ.

ಗೋದಲಿ:
ತಕರಾರಿನ ಮೊದಲರ್ಧ ಪೂರ್ತಿ ಒಪ್ಪಿದೆ. ಪರೀಕ್ಷೆ ಇಲ್ಲದಿದ್ದರೆ ಲವಣ ಬೇಡ. ಪೊಟ್ಯಾಸಿಯಂ ಕಡಿಮೆ ಇರುವ ಒರಟು ಮೇವು, ಸಾಕಷ್ಟು ಮೆಗ್ನೀಸಿಯಂ, ಕರು ಹಾಕಿದಾಗ ಬಾಯಿಯ ಮೂಲಕ ಕ್ಯಾಲ್ಸಿಯಂ. ಇಷ್ಟನ್ನು ಅಚ್ಚುಕಟ್ಟಾಗಿ ಮಾಡಿದರೂ ಅಪಾಯ ಬಹಳ ಇಳಿಯುತ್ತದೆ.

ಎರಡನೇ ಅರ್ಧ ಕಷ್ಟ. ಆ ದಾರಿ ಫಲಿಸಬೇಕಾದರೆ ಕ್ಯಾಲ್ಸಿಯಂ ದಿನಕ್ಕೆ 20 ಗ್ರಾಂಗಿಂತ ಕೆಳಗಿರಬೇಕು. 12 ಕೆ.ಜಿ. ಒಣಾಂಶದಲ್ಲಿ ಅದು ಶೇ. 0.17, ಸಾಮಾನ್ಯ ಮೇವಿನಲ್ಲಿ ಸಿಗದ ಸಂಖ್ಯೆ. 50–60 ಗ್ರಾಂಗೆ ಇಳಿಸಿ "ಕಡಿಮೆ ಕ್ಯಾಲ್ಸಿಯಂ" ಎಂದುಕೊಂಡರೆ ಹಾರ್ಮೋನು ಎಚ್ಚರಗೊಳ್ಳುವುದಿಲ್ಲ. ಕರುಳಿನಲ್ಲೇ ಕ್ಯಾಲ್ಸಿಯಂ ಹಿಡಿದಿಡುವ ಕೃತಕ ಜಿಯೋಲೈಟ್ ಎ ಬಳಸಿದರೆ ಈ ದಾರಿ ಮತ್ತೆ ತೆರೆಯುತ್ತದೆ. ಆದರೆ ಅದು ರಂಜಕವನ್ನೂ ಹಿಡಿದಿಡುತ್ತದೆ. ಎರಡೂ ದಾರಿಯನ್ನು ಬೆರೆಸಬೇಡಿ: ಋಣ ಲವಣ ತಿನ್ನುವ ಹಸು ಗಂಜಲದಲ್ಲಿ ಕ್ಯಾಲ್ಸಿಯಂ ಹೆಚ್ಚು ಕಳೆದುಕೊಳ್ಳುತ್ತದೆ, ಅದಕ್ಕೆ ಮೇವಿನಲ್ಲಿ ದಿನಕ್ಕೆ 100 ಗ್ರಾಂ ಆದರೂ ಬೇಕು. ಯಾವ ದಾರಿಯಾದರೂ ರಂಜಕ ದಿನಕ್ಕೆ 80 ಗ್ರಾಂ ದಾಟದಿರಲಿ, ದಾಟಿದರೆ ವಿಟಮಿನ್ ಡಿ ಕೆಲಸದ ರೂಪಕ್ಕೆ ತಿರುಗುವುದಕ್ಕೇ ತಡೆ. ತೌಡು, ಬೂಸಾ ಹೆಚ್ಚು ಹಾಕುವವರು ಇದನ್ನು ಗಮನಿಸಿ.

ಬೆರಣಿ:
ಮೆಗ್ನೀಸಿಯಂ ಮಾತು ಒಂದೇ ಸಾಲಿನಲ್ಲಿ ಹಾದುಹೋಯಿತು, ಅದು ನ್ಯಾಯವಲ್ಲ. ಮೆಗ್ನೀಸಿಯಂ ಇಲ್ಲದೆ ಪ್ಯಾರಾಥೈರಾಯ್ಡ್ ಹಾರ್ಮೋನು ಸ್ರವಿಸುವುದೂ ಕುಂಠಿತ, ಗ್ರಾಹಕ ಕೆಲಸ ಮಾಡುವುದೂ ಕುಂಠಿತ. ಸಂಶೋಧಕ ಇಯಾನ್ ಲೀನ್ ಮತ್ತು ಸಂಗಡಿಗರು 2006ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ವಿಶ್ಲೇಷಿಸಿದಾಗ ಮೇವಿನ ಮೆಗ್ನೀಸಿಯಂ ಶೇ. 0.3ರಿಂದ 0.4ಕ್ಕೆ ಏರಿದರೆ ಹಾಲುಜ್ವರದ ಅಪಾಯ ಅರ್ಧಕ್ಕಿಂತಲೂ ಹೆಚ್ಚು ಇಳಿಯುವುದು ಕಂಡಿತು. ಪೊಟ್ಯಾಸಿಯಂ ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಮೆಗ್ನೀಸಿಯಂ ಹೀರಿಕೆಯನ್ನೂ ತಡೆಯುತ್ತದೆ, ಹಾಗಾಗಿ ಅದರಿಂದ ಇಮ್ಮಡಿ ನಷ್ಟ.

ಮೆಗ್ನೀಸಿಯಂ ಆಕ್ಸೈಡ್ ಕೊಳ್ಳುವವರಿಗೆ ಒಂದು ಪರೀಕ್ಷೆ. ಎಷ್ಟು ಸುಟ್ಟಿದ್ದಾರೆ, ಎಷ್ಟು ನುಣ್ಣಗೆ ಪುಡಿ ಮಾಡಿದ್ದಾರೆ ಎಂಬುದರ ಮೇಲೆ ಅದು ಕರಗುವುದು ನಿಂತಿದೆ. ಚೀಲದ ಮೇಲಿನ ಶೇಕಡಾ ಇದನ್ನು ಹೇಳುವುದಿಲ್ಲ. 3 ಗ್ರಾಂ ಪುಡಿಗೆ ಶೇ. 5ರ ಬಿಳಿ ವಿನೆಗರ್ 40 ಮಿ.ಲೀ. ನಿಧಾನಕ್ಕೆ ಸುರಿದು, ಮುಚ್ಚಳ ಹಾಕಿ ಕಾಲು ನಿಮಿಷ ಕುಲುಕಿ ಇಡಿ. 15 ನಿಮಿಷಕ್ಕೆ ಮತ್ತೊಮ್ಮೆ ಕುಲುಕಿ. ಅರ್ಧ ಗಂಟೆಗೆ ಪಿಎಚ್ ನೋಡಿ. ಒಳ್ಳೆಯ ಪುಡಿ 8ರ ಮೇಲಕ್ಕೆ ಒಯ್ಯುತ್ತದೆ. 4ರ ಹತ್ತಿರವೇ ನಿಂತರೆ ಆ ಪುಡಿ ರೂಮೆನ್‌ನಲ್ಲೂ ಕರಗುವುದಿಲ್ಲ, ಸೆಗಣಿಯಲ್ಲಿ ಹೋಗುತ್ತದೆ. ಕುಲುಕುವ ಮೊದಲೇ ಗುಳ್ಳೆ ಬಂದು ನೊರೆಗಟ್ಟಿದರೆ ಕಾರ್ಬೊನೇಟ್ ಬೆರೆತಿರಬಹುದು, ಮುಚ್ಚಳ ಬಿಗಿಯಬೇಡಿ.

ಮೇವಿನ ಖನಿಜ ಪರೀಕ್ಷೆಗೆ ಕೊಡುವಾಗ ರಾಸಾಯನಿಕ ವಿಧಾನದಲ್ಲೇ ಮಾಡಿಕೊಡಿ ಎಂದು ಬರೆದುಕೊಡಿ. ಬೆಳಕಿನ ಕಿರಣ ಹಾಯಿಸಿ ಅಂದಾಜು ಮಾಡುವ ವಿಧಾನ ಪ್ರೋಟೀನಿಗೆ, ನಾರಿಗೆ ಸರಿ. ಕ್ಲೋರೈಡ್, ಸೋಡಿಯಂಗೆ ನಂಬುವಂತಿಲ್ಲ.

ಇನ್ನು ಸ್ವಲ್ಪ ಇತಿಹಾಸ, ಇದು ನನಗೆ ಬಹಳ ಇಷ್ಟದ ವಿಷಯ. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್‌ನ ಪಶುವೈದ್ಯ ಸ್ಮಿಟ್ ಕೆಚ್ಚಲಿಗೆ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಏರಿಸಿ ಬಿದ್ದ ಹಸುಗಳನ್ನು ಎಬ್ಬಿಸಿದರು. ರೋಗ ಕೆಚ್ಚಲಿನ ವಿಷದಿಂದ ಬರುತ್ತದೆ ಎಂಬುದು ಅವರ ಊಹೆ. ಆಮೇಲೆ ಬರೀ ಗಾಳಿ ತುಂಬಿದರೂ ಹಸು ಏಳುವುದು ಕಂಡಿತು. ಒತ್ತಡಕ್ಕೆ ಹಾಲು ಇಳಿಯುವುದು ನಿಲ್ಲುತ್ತದೆ, ರಕ್ತದ ಕ್ಯಾಲ್ಸಿಯಂ ಸೋರುವುದೂ ನಿಲ್ಲುತ್ತದೆ. ಊಹೆ ತಪ್ಪಿದ್ದರೂ ಮದ್ದು ಫಲಿಸಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವುದನ್ನು ಅಳೆದು ತೋರಿಸಿದ್ದು 1925ರಲ್ಲಿ. ಕ್ಯಾಲ್ಸಿಯಂ ಚುಚ್ಚುಮದ್ದಿಗೂ ಮುಂಚೆ ಎಷ್ಟೋ ಹಸುಗಳ ಜೀವ ಉಳಿಸಿದ್ದು ಆ ಗಾಳಿಪಂಪು. ಕೆಚ್ಚಲು ಬಾವಿನ ಭಯದಿಂದ ಈಗ ಅದನ್ನು ಸಾಮಾನ್ಯವಾಗಿ ಬಳಸುವುದಿಲ್ಲ, ಬಳಸಲೂಬಾರದು. ಡಿಸಿಎಡಿಗೆ ನಾರ್ವೆಯವರ ಕೆಲಸ ಬುನಾದಿ. ಸಂಶೋಧಕ ಎಲಿಯಟ್ ಬ್ಲಾಕ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಧನ ಅಯಾನಿನ ಮೇವು ತಿಂದವುಗಳಲ್ಲಿ ಶೇ. 47.4ಕ್ಕೆ ಹಾಲುಜ್ವರ ಬಂತು, ಋಣ ಅಯಾನಿನ ಗುಂಪಿನಲ್ಲಿ ಒಂದಕ್ಕೂ ಬರಲಿಲ್ಲ.

ಮೇವುಬುಟ್ಟಿ:
ಬಿದ್ದೇಬಿಟ್ಟರೆ ಡಾಕ್ಟರು ಬರುವ ತನಕ ಏನು ಮಾಡಬೇಕು, ಏನು ಮಾಡಬಾರದು?

ಕೆಚ್ಚಲುಕಾವಲು:
ಮಾಡಬಾರದ್ದೇ ಮುಖ್ಯ. ಕುಸಿದ ಹಸುವಿನ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಹಾಕಬೇಡಿ. ಗಂಟಲಿನ ಸ್ನಾಯು ಸೋತಿರುತ್ತದೆ, ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂನಿಂದ ಬದುಕಬೇಕಿದ್ದ ಹಸು ನ್ಯುಮೋನಿಯಾದಿಂದ ಸಾಯುತ್ತದೆ.

ಮಗ್ಗುಲಾಗಿ ಚಾಚಿದ್ದರೆ ಎದೆಯ ಮೇಲೆ ಕೂರುವಂತೆ ಎತ್ತಿ, ಎರಡೂ ಕಡೆ ಹುಲ್ಲಿನ ಕಟ್ಟು ಒತ್ತುಕೊಡಿ. ಇಲ್ಲದಿದ್ದರೆ ಹೊಟ್ಟೆಯ ಗಾಳಿ ಹೊರಬರದೆ ಉಬ್ಬರಿಸುತ್ತದೆ. ನೆಲ ಜಾರುವಂತಿದ್ದರೆ ಕೆಳಗೆ ದಪ್ಪಗೆ ಹುಲ್ಲೋ ಮರಳೋ ಹಾಕಿ. ಒಂದೇ ತೊಡೆಯ ಮೇಲೆ ಗಂಟೆಗಟ್ಟಲೆ ಭಾರ ಬಿದ್ದರೆ ಮಾಂಸಖಂಡ ಸಾಯುತ್ತದೆ, ಆಮೇಲೆ ಕ್ಯಾಲ್ಸಿಯಂ ಸರಿಯಾದರೂ ಹಸು ಏಳುವುದಿಲ್ಲ. ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ.

ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ 450 ಮಿ.ಲೀ. ಬಾಟಲಿಯಲ್ಲಿ ಸುಮಾರು 8ರಿಂದ 10 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ವೇಗ ನಿಮಿಷಕ್ಕೆ 1 ಗ್ರಾಂ ಮೀರಬಾರದು, ಅಂದರೆ ಹತ್ತು ನಿಮಿಷಕ್ಕೂ ಮುಂಚೆ ಬಾಟಲಿ ಖಾಲಿಯಾಗಬಾರದು. ಔಷಧ ಮೈ ಬಿಸಿಗೆ ಬಂದಿರಬೇಕು, ಜೊತೆಗೆ ಎದೆಬಡಿತ ಕೇಳುತ್ತಲೇ ಇರಬೇಕು. ಬಡಿತ ತಾಳ ತಪ್ಪಿದರೆ ತಕ್ಷಣ ನಿಲ್ಲಿಸಬೇಕು. ಬೇಗ ಹರಿಸಿದರೆ ಹೃದಯ ನಿಂತೇಹೋಗುತ್ತದೆ, ಅದಕ್ಕೇ ಇದು ಪಶುವೈದ್ಯರ ಕೈಯ ಕೆಲಸ. ಸರಿಯಾಗಿ ಹೋಗುತ್ತಿದ್ದರೆ ಹಸು ತೇಗುತ್ತದೆ, ಮಾಂಸಖಂಡ ಅದುರುತ್ತದೆ, ಮೂತಿಯಲ್ಲಿ ಬೆವರ ಹನಿ ಮೂಡುತ್ತದೆ, ಸೆಗಣಿ ಹಾಕುತ್ತದೆ.

ನಾಲ್ಕರಲ್ಲಿ ಮೂರು ಹಸು ಎರಡು ಗಂಟೆಯೊಳಗೆ ಏಳುತ್ತವೆ. ಎದ್ದವುಗಳಲ್ಲೂ ಕಾಲು ಭಾಗದಷ್ಟು ಒಂದೆರಡು ದಿನದಲ್ಲಿ ಮತ್ತೆ ಬೀಳಬಹುದು. ಎದ್ದು ನಿಂತು ನುಂಗುವ ಶಕ್ತಿ ಬಂದ ಮೇಲೆ ಬಾಯಿಯ ಮೂಲಕ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಬೋಲಸ್ (ದೊಡ್ಡ ಗುಳಿಗೆ) ಅಥವಾ ಜೆಲ್ ಒಂದು, 12 ಗಂಟೆಯ ನಂತರ ಇನ್ನೊಂದು ಕೊಡುವುದು ಅದಕ್ಕೇ. ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಇಲ್ಲಿ ಕೆಲಸಕ್ಕೆ ಬಾರದು. ಅದು ರಕ್ತ ಸೇರುವುದು ಬಹಳ ನಿಧಾನ.

ನಿಂತಿರುವ ಹಸುವಿಗೆ "ಮುಂಜಾಗ್ರತೆಗೆ" ಎಂದು ರಕ್ತನಾಳಕ್ಕೆ ಬಾಟಲಿ ಏರಿಸುವ ಅಭ್ಯಾಸ ನಿಲ್ಲಬೇಕು. ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಏರಿದ್ದಕ್ಕೆ ಹಾರ್ಮೋನು ಸುಮ್ಮನಾಗುತ್ತದೆ, ಗಂಟೆಗಳ ನಂತರ ಕ್ಯಾಲ್ಸಿಯಂ ಮುಂಚೆಗಿಂತ ಕೆಳಗೆ ಇಳಿಯುತ್ತದೆ.

ಕುರಿಹಟ್ಟಿ:
ಕುರಿ ಸಾಕುವವರು ಇಲ್ಲಿನ ದಿನದ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಕುರಿಯಲ್ಲಿ ಕ್ಯಾಲ್ಸಿಯಂ ಕುಸಿತ ಹೆಚ್ಚಾಗಿ ಮರಿ ಹಾಕುವ ಮುಂಚಿನ ವಾರಗಳಲ್ಲೇ ಬರುತ್ತದೆ, ಅವಳಿ ಮರಿ ಹೊತ್ತವುಗಳಲ್ಲಿ ಹೆಚ್ಚು. ಅದೇ ಹೊತ್ತಿಗೆ ಗರ್ಭದ ಕೀಟೋಸಿಸ್ ಕೂಡ ಬರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಅಪಾಯವಿದೆ. ಕ್ಯಾಲ್ಸಿಯಂ ಕೊಟ್ಟ ಗಂಟೆ ಎರಡು ಗಂಟೆಯಲ್ಲಿ ಚೇತರಿಸಿಕೊಂಡರೆ ಅದು ಕ್ಯಾಲ್ಸಿಯಂ ಕುಸಿತವೇ.

ಮೇವುಬುಟ್ಟಿ:
ಕೊನೆಯ ಪ್ರಶ್ನೆ. ಲವಣ ಕೆಲಸ ಮಾಡುತ್ತಿದೆಯೇ ಎಂದು ಗಂಜಲದ ಪಿಎಚ್ ನೋಡಿ ತಿಳಿಯಬಹುದು ಎನ್ನುತ್ತಾರೆ. ಐದು ಹಸುಗಳ ಗುಂಪಿನಲ್ಲಿ ಮೂರರದ್ದು 6.3 ಆಸುಪಾಸು, ಎರಡರದ್ದು 8ರ ಹತ್ತಿರ ಬಂದರೆ ಏನರ್ಥ? ಸರಾಸರಿ 7 ಎಂದುಕೊಂಡು ಲವಣ ಹೆಚ್ಚಿಸಬೇಕೇ?

ಗೋದಲಿ:
ಹೆಚ್ಚಿಸಬೇಡಿ! ಇಲ್ಲಿ ಸರಾಸರಿ ದಾರಿ ತಪ್ಪಿಸುತ್ತದೆ. 6.0ರಿಂದ 6.8 ಗುರಿ, ಆ ಮೂರು ಸರಿಯಾಗಿವೆ. 8 ಎಂದರೆ ಆ ಎರಡು ಹಸು ಲವಣವನ್ನೇ ತಿಂದಿಲ್ಲ. ಈಗ ಪ್ರಮಾಣ ಏರಿಸಿದರೆ ಮೊದಲ ಮೂರು 5.5ಕ್ಕಿಂತ ಕೆಳಗೆ ಬಿದ್ದು ಮೇವು ಬಿಡುತ್ತವೆ, ಈ ಎರಡು ಇದ್ದಲ್ಲೇ ಇರುತ್ತವೆ.

ಮೊದಲು ಅಳತೆಯೇ ಸರಿಯಿದೆಯೇ ನೋಡಿ. ಹೊಸ ಮೇವು ಶುರುವಾಗಿ ಮೂರು ದಿನವಾದರೂ ಆಗಿರಬೇಕು. ಮೇವು ಹಾಕಿದ ಕೆಲವು ಗಂಟೆಗಳ ನಂತರ, ಪ್ರತಿ ಸಲ ಅದೇ ಹೊತ್ತಿಗೆ ಹಿಡಿಯಿರಿ. ಯೋನಿಯ ಕೆಳಗಿನ ಚರ್ಮವನ್ನು ಬೆರಳಿನಿಂದ ಮೇಲೆ ಕೆಳಗೆ ನವಿರಾಗಿ ನೀವಿದರೆ ಒಂದೆರಡು ನಿಮಿಷದಲ್ಲಿ ಗಂಜಲ ಹೊಯ್ಯುತ್ತದೆ. ಮೊದಲ ಧಾರೆ ಬಿಟ್ಟು ನಡುವಿನದ್ದನ್ನು ಲೋಟಕ್ಕೆ ಹಿಡಿಯಿರಿ. ಸೆಗಣಿ ತಾಗಿದರೆ ಅಥವಾ ಲೋಟ ಹಾಗೇ ಇಟ್ಟಿದ್ದರೆ ಪಿಎಚ್ ಏರುತ್ತದೆ, ಅಲ್ಲೇ ನೋಡಿ ಬರೆದುಕೊಳ್ಳಿ. ಪಟ್ಟಿ 5ರಿಂದ 9ರವರೆಗೆ ಚಿಕ್ಕ ಚಿಕ್ಕ ಅಂತರದಲ್ಲಿ ಬಣ್ಣ ತೋರಿಸುವಂಥದ್ದಿರಲಿ. 1ರಿಂದ 14ರ ಪಟ್ಟಿಯಲ್ಲಿ 6.3ಕ್ಕೂ 7ಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಅಳತೆ ಸರಿಯಿದ್ದರೆ ಗೋದಲಿ ನೋಡಿ. ತಳದಲ್ಲಿ ಬಿಳಿ ಹರಳೋ ಪುಡಿಯೋ ಉಳಿದಿದ್ದು, ಉದ್ದ ಹುಲ್ಲಿನ ಕಡ್ಡಿ ಪಕ್ಕಕ್ಕೆ ತಳ್ಳಿದ್ದರೆ ಹಸು ಆರಿಸಿ ತಿನ್ನುತ್ತಿದೆ. ಹುಲ್ಲನ್ನು 5 ಸೆಂ.ಮೀ.ಗಿಂತ ಚಿಕ್ಕದಾಗಿ ಕತ್ತರಿಸಿ, ಲವಣವನ್ನು ಹಿಂಡಿಯ ಜೊತೆ ಬೆರೆಸಿ, ಮೇಲೆ ನೀರು ಚಿಮುಕಿಸಿ ಎಲ್ಲವನ್ನೂ ಕಲಸಿ. ಮೇಲುದುರಿಸಿದ ಲವಣ ಯಾವತ್ತೂ ಸಮನಾಗಿ ಹೊಟ್ಟೆ ಸೇರುವುದಿಲ್ಲ. ಹೊಸದಾಗಿ ಶುರು ಮಾಡುವವರು ನಾಲ್ಕು ದಿನದಲ್ಲಿ ಹಂತಹಂತವಾಗಿ ಪೂರ್ತಿ ಪ್ರಮಾಣಕ್ಕೆ ಏರಿಸಿ. ಆರಿಸುವ ಗುರುತೇನೂ ಇಲ್ಲದಿದ್ದರೆ ಜಾಗದ ಸಮಸ್ಯೆ. ಜೋರಿನ ಹಸುಗಳು ಮೊದಲು ತಿಂದು, ಮೆದುವಾದವಕ್ಕೆ ಬರೀ ಹುಲ್ಲು ಉಳಿದಿರುತ್ತದೆ. ಹಸುವೊಂದಕ್ಕೆ ಮುಕ್ಕಾಲು ಮೀಟರ್ ಗೋದಲಿ ಸಿಗುವಂತೆ ಮಾಡಿ, ಇಲ್ಲವೇ ಆ ಎರಡನ್ನು ಬೇರೆ ಕಟ್ಟಿ ಹಾಕಿ. ಮೂರು ದಿನ ಬಿಟ್ಟು ಮೊದಲು ಅವೆರಡರ ಗಂಜಲವನ್ನೇ ನೋಡಿ.

ಚೊಚ್ಚಲು ಗಬ್ಬದ ಕಡಸುಗಳು ಆ ಗುಂಪಿನಲ್ಲಿದ್ದರೆ ತೆಗೆದುಬಿಡಿ. ಅವುಗಳ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಕ್ಯಾಲ್ಸಿಯಂ ಚುರುಕಾಗಿ ಕೊಡುತ್ತದೆ. ಅವಕ್ಕೆ ಲವಣದಿಂದ ಸಿಗುವುದು ಮೇವು ಕಡಿಮೆಯಾಗುವುದು ಮಾತ್ರ. ಕರು ಹಾಕಿದ ಹಸುವನ್ನೂ ಅದೇ ದಿನ ಆ ಗುಂಪಿನಿಂದ ಹೊರಗೆ ತನ್ನಿ. ಹಾಲು ಶುರುವಾದ ಮೇಲೆ ಬೇಕಾಗುವ ಡಿಸಿಎಡಿ ಕಿಲೋಗೆ +250 ಅಥವಾ ಮೇಲೆ, ಅಲ್ಲಿಗೆ ಕಾಕಂಬಿ, ಸೋಡ, ತಾಕಿನ ಹಸಿರು ಹುಲ್ಲು ಎಲ್ಲವೂ ವಾಪಸ್ ಬರಬಹುದು.